ಆಫೀಸಿನ ಮೆಡಿಕ್ಲೇಮ್ ದೇವನಹಳ್ಳಿ ದಾಟುವುದಿಲ್ಲ

2023ರ ಡಿಸೆಂಬರಿನಲ್ಲಿ ಅಪ್ಪ, ಅಮ್ಮ, ಹೆಂಡತಿ ಮತ್ತು ಮಗಳನ್ನು ಕರೆದುಕೊಂಡು ಒಂದು ವಾರದ ಮಟ್ಟಿಗೆ ಸಿಂಗಪುರಕ್ಕೆ ಹೋಗಿದ್ದೆ. ಟಿಕೆಟ್ ಮಾಡಿಸಿಕೊಟ್ಟ ಟ್ರಾವೆಲ್ಸ್‌ನ ಹುಡುಗ, "ಸಾರ್, ಇನ್ಶೂರೆನ್ಸ್ ಹಾಕ್ಲಾ? ಐದೂ ಜನಕ್ಕೆ ಸೇರಿ ಆರು ಸಾವಿರದೊಳಗೆ ಆಗುತ್ತೆ" ಎಂದು ಕೇಳಿದ್ದ. "ಬೇಡಪ್ಪ, ನಮ್ಮ ಆಫೀಸಿನ ಮೆಡಿಕ್ಲೇಮ್ ಇದೆ, ಅಪ್ಪ ಅಮ್ಮನೂ ಅದರಲ್ಲೇ ಇದ್ದಾರೆ" ಎಂದು ಜಾಣನಂತೆ ಉತ್ತರಿಸಿದವನು ನಾನು. ಆದ್ದರಿಂದ ಇಲ್ಲಿ ಯಾರನ್ನೂ ದೂರುತ್ತಿಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ನನ್ನಂಥ ಸಾವಿರಾರು ಜನ ಇದೇ ನಂಬಿಕೆಯಲ್ಲಿ ವಿಮಾನ ಹತ್ತುತ್ತಾರೆಂಬುದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೂರನೆಯ ದಿನ ಸಂಜೆ ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಗೆ ಹೋಗಿ ಬರುತ್ತಿದ್ದೆವು. ಡಿಸೆಂಬರ್ ಅಲ್ಲಿ ಮಳೆಗಾಲ. ಅಂಗಡಿಯೊಂದರ ಮುಂದಿನ ಟೈಲ್ಸ್ ಮೆಟ್ಟಿಲಿನ ಮೇಲೆ ನೀರು ನಿಂತಿತ್ತು. 67 ವರ್ಷದ ಅಮ್ಮ ಅದರ ಮೇಲೆ ಕಾಲಿಟ್ಟು ಜಾರಿದಳು. ಎಬ್ಬಿಸಲು ಬಗ್ಗಿದಾಗ ಅವಳ ಎಡಪಾದ ಪೂರ್ತಿ ಹೊರಮಗ್ಗುಲಿಗೆ ತಿರುಗಿ ಬಿದ್ದಿರುವುದು ಕಾಣಿಸಿತು. ಅಂಗಡಿಯವರೇ 995ಕ್ಕೆ ಫೋನ್ ಮಾಡಿದರು, ಆಂಬ್ಯುಲೆನ್ಸ್ ಬೇಗನೆ ಬಂತು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿದೆ, ಈ ವಯಸ್ಸಿನವರಿಗೆ ಎರಡು ದಿನದೊಳಗೆ ಆಪರೇಷನ್ ಮಾಡುವುದು ಒಳ್ಳೆಯದು, ತಡವಾದಷ್ಟೂ ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವಿಕೆಯಂಥ ತೊಂದರೆಗಳು ಹೆಚ್ಚುತ್ತವೆ ಎಂದು ಡಾಕ್ಟರು ಸಮಾಧಾನವಾಗಿ ವಿವರಿಸಿದರು.

ಸರ್ಕಾರಿ ಆಸ್ಪತ್ರೆ ಎಂದಾಕ್ಷಣ ನನ್ನ ತಲೆಯಲ್ಲಿದ್ದದ್ದು ವಿಕ್ಟೋರಿಯಾ, ಬೌರಿಂಗ್. ಆದರೆ ಅಲ್ಲಿಯ ರಿಯಾಯಿತಿ ದರವೆಲ್ಲ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ. ಪ್ರವಾಸಿಗರು ಪೂರ್ತಿ ದರ ತೆರಬೇಕು. ಬಿಲ್ಲಿಂಗ್ ಕೌಂಟರಿನಲ್ಲಿ ಕೊಟ್ಟ ಅಂದಾಜು ಪಟ್ಟಿಯ ಕೆಳಗೆ ಡೆಪಾಸಿಟ್ ಎಂದು 18,000 ಸಿಂಗಪುರ ಡಾಲರ್ ಬರೆದಿತ್ತು. ಮೊಬೈಲಿನಲ್ಲಿ ಗುಣಿಸಿ ನೋಡಿದರೆ 11 ಲಕ್ಷ ರೂಪಾಯಿಗೂ ಮೇಲೆ.

ಆಗಲೂ ನಾನು ಹೆದರಿರಲಿಲ್ಲ. ಮೆಡಿಕ್ಲೇಮ್ ಇ-ಕಾರ್ಡ್ ತೆಗೆದು ಅದರ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಆಸ್ಪತ್ರೆಯ ಹೆಸರು ಕೇಳಿದಳು, ಊರು ಕೇಳಿದಳು, ಒಂದು ಕ್ಷಣ ಸುಮ್ಮನಾದಳು. "ಸಾರ್, ಈ ಪಾಲಿಸಿ ಇಂಡಿಯಾ ಒಳಗಿನ ಟ್ರೀಟ್‌ಮೆಂಟಿಗೆ ಮಾತ್ರ." ಅಷ್ಟೇ. ಹೊರದೇಶದ ಚಿಕಿತ್ಸೆಗೆ ಬರುವುದಿಲ್ಲವೆಂಬ ಸಾಲು ಆಫೀಸಿನ ಇಮೇಲಿನಲ್ಲಿ ಬಂದ ಪಾಲಿಸಿಯಲ್ಲೇ ಇತ್ತು. ನಾನು ಅದನ್ನು ಒಮ್ಮೆಯೂ ತೆರೆದು ಓದಿರಲಿಲ್ಲ.

ಆಸ್ಪತ್ರೆಯ ಕುರ್ಚಿಯಲ್ಲೇ ಕೂತು ಆನ್‌ಲೈನಿನಲ್ಲಿ ಪ್ರವಾಸ ವಿಮೆ ಕೊಳ್ಳಲು ನೋಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಪ್ರಯಾಣಿಕರು ಈಗ ಭಾರತದಲ್ಲಿದ್ದಾರೆಯೇ ಎಂಬ ಪ್ರಶ್ನೆಗೆ ಇಲ್ಲವೆಂದ ಕೂಡಲೇ ಆ ಪುಟ ಮುಂದಕ್ಕೆ ಹೋಗಲಿಲ್ಲ. ಹೋಗಿದ್ದರೂ, ಪಾಲಿಸಿ ಕೊಳ್ಳುವ ಮೊದಲೇ ಮುರಿದ ಮೂಳೆಗೆ ಯಾರು ಹಣ ಕೊಡುತ್ತಾರೆ?

ಡೆಪಾಸಿಟ್ ಕಟ್ಟುವುದು ಇನ್ನೊಂದು ಪಾಡು. ನನ್ನ ಒಂದು ಕ್ರೆಡಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನೇ ಆನ್ ಮಾಡಿರಲಿಲ್ಲ. ಆನ್ ಮಾಡಲು ಬೇಕಾದ ಓಟಿಪಿ ರೋಮಿಂಗ್ ಇಲ್ಲದ ಸಿಮ್ಮಿಗೆ ಹೋಗುತ್ತಿತ್ತು. ಇನ್ನೊಂದರ ಲಿಮಿಟ್ ಸಾಲಲಿಲ್ಲ. ಹೆಂಡತಿಯ ಕಾರ್ಡು ಸೇರಿಸಿ, ಉಳಿದದ್ದನ್ನು ಅಲ್ಲೇ ಕೆಲಸದಲ್ಲಿರುವ ಭಾಮೈದನ ಸ್ನೇಹಿತರೊಬ್ಬರು ಬೆಳಿಗ್ಗೆ ಬಂದು ಕಟ್ಟಿದರು. ಅವರ ಮುಖವನ್ನು ನಾನು ಅದಕ್ಕೆ ಮೊದಲು ನೋಡಿಯೂ ಇರಲಿಲ್ಲ. ಕಾರ್ಡಿನ ಮೇಲೆ ಶೇಕಡ 3.5ರ ಫಾರೆಕ್ಸ್ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಬಿದ್ದದ್ದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ತಿಳಿಯಿತು.

ಆಪರೇಷನ್ ಚೆನ್ನಾಗಿ ಆಯಿತು. ಒಂಬತ್ತು ದಿನ ಆಸ್ಪತ್ರೆ, ಅಪ್ಪನಿಗೂ ನನಗೂ ಹೋಟೆಲಿನ ಖರ್ಚು, ಬಳಸದೇ ಹೋದ ಟಿಕೆಟ್ಟುಗಳು, ವಿಮಾನದಲ್ಲಿ ಕೂರಬಲ್ಲಳೆಂದು ಡಾಕ್ಟರರಿಂದ ಬರೆಸಿದ ಫಾರಂ, ಕಾಲು ಚಾಚಲು ಜಾಗವಿರುವ ಸೀಟು: ಎಲ್ಲ ಸೇರಿ 19 ಲಕ್ಷ ದಾಟಿತು. ಕೂರಲು ಆಗದಿದ್ದರೆ ಸ್ಟ್ರೆಚರ್ ಹಾಕಬೇಕಾಗುತ್ತಿತ್ತು, ಅದಕ್ಕೆ ಒಂದಲ್ಲ, ಹಲವು ಸೀಟುಗಳ ಹಣ ಕೇಳುತ್ತಾರೆ. ನಾನು ಉಳಿಸಿದ್ದ ಆರು ಸಾವಿರ, ಮನೆಯಿಂದ ವಿಮಾನ ನಿಲ್ದಾಣಕ್ಕೆ ಎರಡು ಬಾರಿ ದೊಡ್ಡ ಕ್ಯಾಬಿನಲ್ಲಿ ಹೋಗಿಬರುವ ಬಾಡಿಗೆಗಿಂತ ಬಹಳ ಹೆಚ್ಚೇನಲ್ಲ.

ಯೂರೋಪಿಗೆ ಹೋಗುವವರು ಈ ತಪ್ಪು ಮಾಡುವುದಿಲ್ಲ, ಏಕೆಂದರೆ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ಕಾಗದ ಲಗತ್ತಿಸಲೇಬೇಕು. ನಾವು ಎಡವುವುದು ಯಾರೂ ಕೇಳದ ಕಡೆ, ಹತ್ತಿರದಲ್ಲೇ ಇವೆಯೆಂದು ಊಟಿ ಕೊಡೈಕನಾಲಿನಷ್ಟು ಸಲೀಸಾಗಿ ಹೊರಟುಬಿಡುವ ದೇಶಗಳಲ್ಲಿ.

ವಾಪಸು ಬಂದ ಮೇಲೆ ನಾಲ್ಕಾರು ಪಾಲಿಸಿಗಳನ್ನು ಕೂತು ಓದಿದೆ. ಬರಿಯ ಅಪಘಾತ ವಿಮೆಯನ್ನೂ ಪ್ರವಾಸ ವಿಮೆಯೆಂದೇ ಕರೆಯುವುದುಂಟು. ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ ಹಣ ಕೊಡುವಂಥದ್ದಾದರೆ ಅದರಿಂದ ಆಸ್ಪತ್ರೆಯ ಬಿಲ್ಲು ತೀರುವುದಿಲ್ಲ. ಅರವತ್ತು ದಾಟಿದವರಿಗೆ ಕೆಲವು ಪಾಲಿಸಿಗಳು ಕೋಣೆಬಾಡಿಗೆ, ಆಪರೇಷನ್ ಎಂದು ಬಿಡಿಬಿಡಿಯಾಗಿ ಮಿತಿ ಹಾಕಿರುತ್ತವೆ, ಹಾಗಾಗಿ ಮೇಲಿನ ದೊಡ್ಡ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಕುಡಿದು ಬಿದ್ದರೆ, ಲೈಸೆನ್ಸ್ ಇಲ್ಲದೆ ಬಾಡಿಗೆ ಸ್ಕೂಟರ್ ಓಡಿಸಿ ಬಿದ್ದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಆಸ್ಪತ್ರೆಗೆ ಸೇರಿದ ಕೂಡಲೇ ವಿಮೆಯವರ ಸಹಾಯವಾಣಿಗೆ ತಿಳಿಸಬೇಕು, ಆಗಲೇ ನಗದುರಹಿತ ಚಿಕಿತ್ಸೆಗೆ ದಾರಿ. ಆ ನಂಬರನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಬರೆದು ಪಾಸ್‌ಪೋರ್ಟಿನೊಳಗೆ ಇಡುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಪ್ರೀಮಿಯಂ ಹೆಚ್ಚಾಗುತ್ತದೆಂದು ಮುಚ್ಚಿಡಬಾರದು. ಕ್ಲೇಮ್ ತಿರಸ್ಕರಿಸಲು ವಿಮೆಯವರಿಗೆ ಅದಕ್ಕಿಂತ ಸುಲಭವಾದ ಕಾರಣ ಬೇಕಿಲ್ಲ.

ಅಮ್ಮ ಈಗ ಕೋಲು ಹಿಡಿದು ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತಾಳೆ. ಮೊನ್ನೆ ತಂಗಿ ದುಬೈಗೆ ಕರೆದಾಗ, ಹೋಗುತ್ತೇನೆ ಎಂದಳು. ಆ ರಾತ್ರಿಯೇ ವಿಮೆಯ ಫಾರಂ ತುಂಬಲು ಕೂತೆ. ಕಾಯಿಲೆಗಳ ಕಾಲಂ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು, ಮಾತ್ರೆಯ ಶೀಟನ್ನು ದೀಪಕ್ಕೆ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಮಂಡಿನೋವಿನ ಎಣ್ಣೆಯನ್ನೂ ಬರೆಯಬೇಕೇ ಎಂದು ಕೇಳಿದಳು.