ಅಗ್ಗದ ಬೇಟ್‌ಕಾಸ್ಟಿಂಗ್ ರೀಲ್: ಮೂರನ್ನು ಎಸೆದು ನೋಡಿದ ಮೇಲೆ

ಮೀನು ಹಿಡಿಯುವ ರಾಡಿಗೆ ಕೂರಿಸಿ ದಾರ ಸುತ್ತುವ ಬೇಟ್‌ಕಾಸ್ಟಿಂಗ್ ರೀಲನ್ನು ಮೊದಲ ಸಲ ಕೊಳ್ಳುವವರು ಕೇಳುವ ಪ್ರಶ್ನೆ ಒಂದೇ: ಬೇರಿಂಗ್ ಎಷ್ಟಿವೆ? ಜಾಸ್ತಿ ಇದ್ದರೆ ಒಳ್ಳೆಯದು ಅಂತ ಲೆಕ್ಕ. ನನ್ನ ಕೈಗೆ ಸಿಕ್ಕ ಮೂರು ರೀಲ್‌ಗಳ ಪೆಟ್ಟಿಗೆಯನ್ನು ಪಕ್ಕಪಕ್ಕ ಇಟ್ಟರೆ ಕಾಣುವುದು ಇದು: ಎಲ್ಲಕ್ಕಿಂತ ಅಗ್ಗದ್ದರಲ್ಲಿ 12+1, ಮಧ್ಯದ್ದರಲ್ಲಿ 4+1, ಎಲ್ಲಕ್ಕಿಂತ ದುಬಾರಿಯದರಲ್ಲಿ 3+1. ದುಡ್ಡು ಏರಿದ ಹಾಗೆ ಬೇರಿಂಗ್ ಇಳಿದಿದೆ. ಹಾಗಾದರೆ ಆ ಹೆಚ್ಚಿನ ದುಡ್ಡು ಹೋದದ್ದು ಎಲ್ಲಿಗೆ? ಬ್ರೇಕಿಗೆ, ದಾರ ಸುತ್ತಿಕೊಳ್ಳುವ ಉರುಳೆಗೆ ಅಂದ್ರೆ ಸ್ಪೂಲಿಗೆ, ಚೌಕಟ್ಟಿಗೆ. ರೀಲ್ ಆರಿಸುವಾಗ ನೋಡಬೇಕಾದ್ದೂ ಅವನ್ನೇ.

ಆ ‘+1’ ಏನು ಅಂತ ಅಂಗಡಿಯವರೂ ಎಷ್ಟೋ ಸಲ ಹೇಳುವುದಿಲ್ಲ. ಹ್ಯಾಂಡಲ್ ಹಿಂದಕ್ಕೆ ತಿರುಗದ ಹಾಗೆ ತಡೆಯುವ ರೋಲರ್ ಬೇರಿಂಗ್ ಅದು. ಮೀನು ಕಚ್ಚಿದಾಗ ರಾಡ್ ಸೆಳೆದರೆ ಹ್ಯಾಂಡಲ್ ಸ್ವಲ್ಪವೂ ಹಿಂದೆ ಸರಿಯಬಾರದು. ನನ್ನ ಮಟ್ಟಿಗೆ ಅದಕ್ಕೆ ಮುಂಚೆ ಬರೆದ ಹನ್ನೆರಡಕ್ಕಿಂತ ಈ ಒಂದು ಮುಖ್ಯ.

ಮೂರು ರೀಲ್‌ಗಳು ಯಾವುವು ಅಂದರೆ, ಒಂದು ಆನ್‌ಲೈನ್‌ನಲ್ಲಿ ಎರಡು ಸಾವಿರದೊಳಗೆ ಸಿಗುವಂಥದ್ದು. ಅದೇ ಅಚ್ಚಿನ ರೀಲ್ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಹಾಗಾಗಿ ಹೆಸರು ಹೇಳಿ ಪ್ರಯೋಜನವಿಲ್ಲ. ಇದು ನನ್ನ ಭಾವನದು. ಎರಡನೆಯದು ಅಬು ಗಾರ್ಸಿಯಾ ಬ್ಲ್ಯಾಕ್ ಮ್ಯಾಕ್ಸ್. ಮೂರನೆಯದು ಶಿಮಾನೋ ಎಸ್‌ಎಲ್‌ಎಕ್ಸ್. 2018ರಲ್ಲಿ ಅಮೆರಿಕದಲ್ಲಿ ಸುಮಾರು 100 ಡಾಲರ್ ಬೆಲೆಗೆ ಬಂದ ರೀಲ್ ಅದು. ನಮ್ಮಲ್ಲಿ ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆದರೆ ಬ್ಲ್ಯಾಕ್ ಮ್ಯಾಕ್ಸ್‌ಗೆ ಕೊಡುವ ದುಡ್ಡಿಗೆ ಹತ್ತಿರ ಹತ್ತಿರ ಇನ್ನೊಂದಷ್ಟು ಸೇರಿಸಿದರೆ ಎಸ್‌ಎಲ್‌ಎಕ್ಸ್ ಬರುತ್ತದೆ ಅಂತ ಇಟ್ಟುಕೊಳ್ಳಿ.

ಎಸೆದದ್ದು ಎರಡು ಥರದ ನೀರಿನಲ್ಲಿ. ಒಂದು, ನಮ್ಮ ಕಡೆಯ ಮದಗಗಳು. ತಾವರೆ ಎಲೆ, ಜೊಂಡು, ನಡುವೆ ಕೊರವ ಮೀನು. ಇನ್ನೊಂದು, ಸೀತಾ ಮತ್ತು ಸ್ವರ್ಣಾ ನದಿಗಳು ಉಡುಪಿ ಕಡೆಯ ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುವ ಮೊದಲಿನ ಹಿನ್ನೀರು. ಅಲ್ಲಿ ದಂಡೆಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬೇರಿನ ಸಂದಿಯಲ್ಲಿ ಕೆಂಬೇರಿ ಮೀನು, ಅದೃಷ್ಟ ಇದ್ದರೆ ಸೀಬಾಸ್. ಉಪ್ಪುನೀರು, ಮಧ್ಯಾಹ್ನ ಕಳೆದರೆ ಎದುರುಗಾಳಿ.

ಈಗ ಬ್ರೇಕ್ ವಿಷಯ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ಅಲುಗಾಡುವುದಿಲ್ಲ, ದಾರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟರ್‌ನಲ್ಲಿ ಸ್ಪೂಲೇ ಗಿರಗಿರ ತಿರುಗಿ ದಾರ ಬಿಡಬೇಕು. ದಾರದ ತುದಿಗೆ ಕಟ್ಟಿದ ಕೃತಕ ಎರೆ, ಅಂದ್ರೆ ಲ್ಯೂರ್, ಗಾಳಿಯಲ್ಲಿ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ಜೋರಿನಲ್ಲಿ ತಿರುಗುತ್ತಿರುತ್ತದೆ. ಹೊರಗೆ ಹೋಗಲು ಜಾಗವಿಲ್ಲದ ದಾರ ಒಳಗೇ ಉಬ್ಬಿ ಗೋಜಲಾಗುತ್ತದೆ. ಇದನ್ನೇ ಬ್ಯಾಕ್‌ಲ್ಯಾಶ್ ಅನ್ನುವುದು. ಬ್ರೇಕಿನ ಕೆಲಸ ಸ್ಪೂಲಿನ ಓಟವನ್ನು ಲ್ಯೂರಿನ ಓಟಕ್ಕೆ ಹೊಂದಿಸುವುದು.

ಬ್ಲ್ಯಾಕ್ ಮ್ಯಾಕ್ಸ್‌ನಲ್ಲಿರುವುದು ಅಯಸ್ಕಾಂತದ ಬ್ರೇಕ್. ಸ್ಪೂಲ್ ಅಲ್ಯುಮಿನಿಯಂನದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಅಯಸ್ಕಾಂತದ ಎದುರು ಜೋರಾಗಿ ತಿರುಗುವಾಗ ಅದರೊಳಗೆ ವಿದ್ಯುತ್ ಹುಟ್ಟಿ, ಆ ತಿರುಗುವಿಕೆಯನ್ನೇ ತಡೆಯುತ್ತದೆ. ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ. ಬದಿಯಲ್ಲಿರುವ ಡಯಲ್ ತಿರುಗಿಸಿದರೆ ಅಯಸ್ಕಾಂತ ಹತ್ತಿರ ಬರುತ್ತದೆ, ಇಲ್ಲ ದೂರ ಹೋಗುತ್ತದೆ. ಅಷ್ಟೇ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಎಸೆತದ ಕೊನೆಯವರೆಗೂ ಸ್ವಲ್ಪ ಹಿಡಿತ ಉಳಿಯುವುದರಿಂದ ಎದುರುಗಾಳಿಗೆ ಈ ಬ್ರೇಕೇ ನೆಮ್ಮದಿ. ಅದೇ ಹಿಡಿತ ಒಳ್ಳೆಯ ಎಸೆತದ ಕೊನೆಯ ಕೆಲವು ಮೀಟರ್‌ಗಳನ್ನು ತಿನ್ನುತ್ತದೆ ಅನ್ನುವುದೂ ನಿಜ.

ಎಸ್‌ಎಲ್‌ಎಕ್ಸ್‌ನಲ್ಲಿರುವುದು ಕೇಂದ್ರಾಪಗಾಮಿ ಬ್ರೇಕ್. ಹೆಸರು ದೊಡ್ಡದು, ಕೆಲಸ ಸರಳ. ಸ್ಪೂಲಿನ ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ತುಂಡುಗಳಿವೆ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಚಿಮ್ಮಿ ಒಂದು ಬಳೆಗೆ ಉಜ್ಜುತ್ತವೆ. ಎಸೆತದ ಶುರುವಿನಲ್ಲಿ, ಅಂದ್ರೆ ಅಪಾಯ ಜಾಸ್ತಿ ಇರುವ ಹೊತ್ತಿನಲ್ಲಿ ಗಟ್ಟಿ ಹಿಡಿತ. ಸ್ಪೂಲ್ ನಿಧಾನವಾದ ಹಾಗೆ ಹಿಡಿತ ಸಡಿಲ. ಲ್ಯೂರ್ ಕೊನೆಯವರೆಗೂ ತೇಲಿಕೊಂಡು ಹೋಗುತ್ತದೆ. ಬದಲಿಗೆ ಕೊನೆಯಲ್ಲಿ ಹೆಬ್ಬೆರಳು ಎಚ್ಚರವಾಗಿರಬೇಕು. ಲ್ಯೂರ್ ನೀರು ಮುಟ್ಟುವ ಮೊದಲೇ ಸ್ಪೂಲಿನ ಮೇಲೆ ಬೆರಳು ಇಡದಿದ್ದರೆ ಗೋಜಲು ಗ್ಯಾರಂಟಿ.

ಇನ್ನು ಭಾವನ ರೀಲ್. ಅದರ ಮೇಲೂ ‘ಮ್ಯಾಗ್ನೆಟಿಕ್ ಬ್ರೇಕ್’ ಅಂತ ಬರೆದಿದೆ, ಡಯಲ್ ಕೂಡ ಇದೆ. ಅರ್ಧದವರೆಗೆ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಬಿಗಿ. ನಡುವೆ ಏನೂ ಇಲ್ಲ. ಆದರೂ 15 ಗ್ರಾಂನ ರಬ್ಬರ್ ಕಪ್ಪೆ ಕಟ್ಟಿ ಎಸೆದರೆ ಹೋಗುತ್ತದೆ, ಸುಮ್ನೆ ದೂರಬಾರದು. ಕಾಟ ಶುರುವಾದದ್ದು ಬೇರೆ ಕಡೆ. ಸ್ಪೂಲಿನ ಅಂಚಿಗೂ ಚೌಕಟ್ಟಿಗೂ ನಡುವೆ ಒಂದು ಸಂದಿ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಉಗುರು ಆಡಿಸಿದರೆ ಗೊತ್ತಾಗುತ್ತದೆ. ಒಂದು ಬ್ಯಾಕ್‌ಲ್ಯಾಶ್‌ನಲ್ಲಿ ತೆಳು ಬ್ರೇಡ್ (ಎಳೆ ಹೆಣೆದ ದಾರ) ಆ ಸಂದಿಗೆ ನುಸುಳಿ ಒಳಗಿನ ಶಾಫ್ಟಿಗೆ ಸುತ್ತಿಕೊಂಡಿತು. ಬದಿಯ ಮುಚ್ಚಳ ಬಿಚ್ಚಿ, ಸ್ಪೂಲ್ ಹೊರಗೆಳೆದು ನೋಡಿದರೆ ಹಸಿರು ದಾರ ಗ್ರೀಸ್ ಮೆತ್ತಿಕೊಂಡು ಕಪ್ಪಾಗಿ ಕೂತಿತ್ತು. ಬ್ಲೇಡಿನಲ್ಲಿ ಎಳೆ ಎಳೆಯಾಗಿ ಕೊಯ್ದು ತೆಗೆಯಬೇಕಾಯಿತು. ಅಷ್ಟರಲ್ಲಿ ಭರತ (ಉಬ್ಬರ) ಇಳಿದು ಮೀನು ಕಚ್ಚುವ ಹೊತ್ತೂ ಮುಗಿದಿತ್ತು.

ಮದಗದಲ್ಲಿ ಕೊರವಕ್ಕೆ ಎಸೆಯುವಾಗ ಮೂರರ ನಡುವಿನ ಅಂತರ ಅಷ್ಟು ದೊಡ್ಡದಲ್ಲ. ಕಪ್ಪೆ ಲ್ಯೂರ್ ಹೇಗೂ 10ರಿಂದ 15 ಗ್ರಾಂ ಇರುತ್ತದೆ. ಆ ಭಾರಕ್ಕೆ ಯಾವ ಸ್ಪೂಲಾದರೂ ಸಲೀಸಾಗಿ ತಿರುಗುತ್ತದೆ. ದೂರ ಎಸೆಯುವ ಅಗತ್ಯವೂ ಕಡಿಮೆ. ಬೇಕಾದ್ದು ಎರಡೇ: ಎಲೆಗಳ ನಡುವಿನ ಕಿಂಡಿಗೆ ಕರಾರುವಾಕ್ಕಾಗಿ ಬೀಳಿಸುವುದು, ಮೀನು ಹೊಡೆದ ತಕ್ಷಣ ಜೊಂಡಿನಿಂದ ಹೊರಗೆಳೆಯುವುದು. ಹೆಬ್ಬೆರಳು ಒತ್ತಿ ಲ್ಯೂರನ್ನು ಬೇಕಾದಲ್ಲೇ ನಿಲ್ಲಿಸಬಹುದು ಅನ್ನುವುದೇ ಬೇಟ್‌ಕಾಸ್ಟರಿನ ದೊಡ್ಡ ಲಾಭ, ಅದು ಮೂರರಲ್ಲೂ ಇದೆ. ಆದರೆ ಎರಡನೆಯ ಕೆಲಸದಲ್ಲಿ ಅಗ್ಗದ ರೀಲ್ ಸೋತಿತು. ರಾಡ್ ಸೆಳೆದಾಗ ಹ್ಯಾಂಡಲ್ ಒಂದು ಚೂರು ಹಿಂದೆ ಜಾರಿ ‘ಟಕ್’ ಅಂದಿತು. ಕಪ್ಪೆ ಲ್ಯೂರಿನ ಗಾಳ ಎರಡೂ ಕಡೆ ರಬ್ಬರಿಗೆ ಒತ್ತಿಕೊಂಡು ಅಡಗಿರುತ್ತದೆ, ಕೊರವದ ಬಾಯಿಯೋ ಮೂಳೆ. ಅಲ್ಲಿ ಚೂರು ಸಡಿಲವೂ ನಡೆಯುವುದಿಲ್ಲ. ಬ್ಲ್ಯಾಕ್ ಮ್ಯಾಕ್ಸ್ ಇಲ್ಲಿ ಗಟ್ಟಿಯಾಗಿ ನಿಂತಿತು. ಅದರ ಚೌಕಟ್ಟು ಗ್ರಾಫೈಟಿನದು, ಗೇರು ಹಿತ್ತಾಳೆಯದು, ಅನುಪಾತ 6.4:1. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಆರೂಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಕೊರವಕ್ಕೆ ಇದು ಹದ. ಕಪ್ಪೆಯನ್ನು ನಿಧಾನವಾಗಿ ಕುಪ್ಪಳಿಸಬಹುದು, ಮೀನು ಬಿದ್ದ ಮೇಲೆ ಎಳೆಯುವ ಬಲವೂ ಇರುತ್ತದೆ. ಮದಗ, ಕೆರೆ, ಕೃಷಿಹೊಂಡ ಇಷ್ಟೇ ನಿಮ್ಮ ಓಡಾಟವಾದರೆ ಇದಕ್ಕಿಂತ ಜಾಸ್ತಿ ದುಡ್ಡು ಹಾಕುವುದು ಬೇಡ ಅನ್ನುತ್ತೇನೆ.

ಹಿನ್ನೀರಿಗೆ ಹೋದಾಗ ಲೆಕ್ಕ ತಿರುಗಿತು. ಅಲ್ಲಿ ಕಪ್ಪೆಗೆ ಕೆಲಸವಿಲ್ಲ, ಮೀನಿನಾಕಾರದ ಗಟ್ಟಿ ಲ್ಯೂರ್ ಬೇಕು. ರಪಾಲಾದ ಎಕ್ಸ್-ರ‍್ಯಾಪ್ ತಗೊಳ್ಳಿ. 10 ಸೆಂ.ಮೀ. ಉದ್ದದ್ದು 13 ಗ್ರಾಂ, 8 ಸೆಂ.ಮೀ. ಉದ್ದದ್ದು 7 ಗ್ರಾಂ. ಎರಡೇ ಸೆಂಟಿಮೀಟರ್ ಕಡಿಮೆ, ಭಾರ ಹೆಚ್ಚುಕಮ್ಮಿ ಅರ್ಧ. ಈ 7 ಗ್ರಾಂನಲ್ಲಿ ರೀಲ್‌ಗಳ ನಿಜವಾದ ಅಂತರ ಬಯಲಾಗುತ್ತದೆ. ಸ್ಪೂಲ್ ಭಾರವಿದ್ದಷ್ಟೂ ಅದನ್ನು ತಿರುಗಿಸಲು ಶುರುವಿಗೆ ಬಲ ಬೇಕು, 7 ಗ್ರಾಂಗೆ ಆ ಬಲವಿಲ್ಲ. ಭಾವನ ರೀಲ್‌ನಲ್ಲಿ ಲ್ಯೂರ್ ದಂಡೆಯ ಹತ್ತಿರವೇ ಬಿತ್ತು, ಇಲ್ಲ ಗೋಜಲಾಯಿತು. ಬ್ಲ್ಯಾಕ್ ಮ್ಯಾಕ್ಸ್‌ನಲ್ಲಿ ಹೋಗುತ್ತದೆ, ಆದರೆ ಆ ರೀಲ್ ಮಾಡಿರುವುದು ಅದಕ್ಕಲ್ಲ. 10 ಗ್ರಾಂ ದಾಟಿದ ಮೇಲೆ ಅದರ ಎಸೆತ ನೋಡಬೇಕು. ಎಸ್‌ಎಲ್‌ಎಕ್ಸ್ 7 ಗ್ರಾಂ ಅನ್ನು ತಕರಾರಿಲ್ಲದೆ ಕಾಂಡ್ಲಾ ಬೇರಿನವರೆಗೆ ಒಯ್ದಿತು. 7ಕ್ಕಿಂತ ಕಡಿಮೆಗೆ ಮಾತ್ರ ಅದನ್ನೂ ಕೇಳಬೇಡಿ. ಅದಕ್ಕೇ ಅಂತ ಹಗುರ ಸ್ಪೂಲಿನ ಬೇರೆ ರೀಲ್‌ಗಳಿವೆ, ಬೆಲೆಯೂ ಬೇರೆ.

ಎಸ್‌ಎಲ್‌ಎಕ್ಸ್‌ನ ತೂಕ 195 ಗ್ರಾಂ. ಗಾತ್ರ ಎಷ್ಟು ಚಿಕ್ಕದೆಂದರೆ ರೀಲ್ ಪೂರ್ತಿ ಅಂಗೈಯೊಳಗೆ ಕೂರುತ್ತದೆ. ಸಂಜೆವರೆಗೆ ಎಸೆಯುವವರಿಗೆ ಇದರ ಬೆಲೆ ಗೊತ್ತು. ಚೌಕಟ್ಟು ಲೋಹದ್ದು. ಕೆಂಬೇರಿ ಕಚ್ಚಿದ ತಕ್ಷಣ ಬೇರಿನೊಳಗೆ ನುಗ್ಗುತ್ತದೆ, ಅದರ ಜೊತೆ ಹಗ್ಗಜಗ್ಗಾಟ ಆಡುವಾಗ ಚೌಕಟ್ಟು ಬಳುಕಿದರೆ ಗೇರುಗಳ ಹಲ್ಲು ಸರಿಯಾಗಿ ಕೂರುವುದಿಲ್ಲ. ಲೋಹದ ಚೌಕಟ್ಟಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಈ ಕೆಲವೇ ಸೆಕೆಂಡುಗಳಲ್ಲಿ. ಇದು 6.3, 7.2, 8.2 ಅಂತ ಮೂರು ಅನುಪಾತಗಳಲ್ಲಿ ಬರುತ್ತದೆ. ನಾನು ಎಸೆದದ್ದು 7.2ರದ್ದು, ಒಂದು ಸುತ್ತಿಗೆ ಸುಮಾರು 76 ಸೆಂ.ಮೀ. ದಾರ ಸುತ್ತುತ್ತದೆ. ಭರತದ ಸೆಳೆತ ಲ್ಯೂರನ್ನು ನಮ್ಮ ಕಡೆಗೇ ತರುವಾಗ ದಾರ ಸಡಿಲಾಗದ ಹಾಗೆ ನೋಡಿಕೊಳ್ಳಲು ಈ ವೇಗ ಬೇಕು. 8.2 ಹಿನ್ನೀರಿಗೆ ಅತಿಯಾಯಿತು ಅನ್ನಿಸುತ್ತದೆ.

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹಿಡಿತದಲ್ಲೇ ಬಿಡುವ ವ್ಯವಸ್ಥೆ; ಅದರ ಸಂಖ್ಯೆಯ ಬಗ್ಗೆ ಒಂದು ಮಾತು. ಎಸ್‌ಎಲ್‌ಎಕ್ಸ್‌ಗೆ ಕಂಪನಿ ಬರೆದಿರುವುದು 5 ಕೆಜಿ. ಭಾವನ ರೀಲ್‌ನ ಪೆಟ್ಟಿಗೆ ಮೇಲೆ 10 ಕೆಜಿ. ಮನೆಯ ತಕ್ಕಡಿ ಕೊಕ್ಕೆಗೆ ದಾರ ಕಟ್ಟಿ ಎಳೆದು ನೋಡಿದೆವು. ಆ ಹತ್ತರ ಹತ್ತಿರಕ್ಕೂ ಅದು ಹೋಗಲಿಲ್ಲ, ಹೋದಷ್ಟೂ ಜರ್ಕು ಹೊಡೆಯುತ್ತಾ ಬಿಟ್ಟಿತು. ಐದು ಕೆಜಿ ಅಂದರೆ ಕಡಿಮೆಯಾಯಿತು ಅನ್ನುವವರು ಒಮ್ಮೆ ರಾಡ್ ಹಿಡಿದು ಐದು ಕೆಜಿ ಎಳೆಸಿಕೊಂಡು ನೋಡಿ. ಕೈ ಸೋಲುತ್ತದೆ.

ಉಪ್ಪುನೀರಿಗೆ ಯಾವ ರೀಲಾದರೂ ಒಂದೇ, ತೊಳೆಯದಿದ್ದರೆ ಹಾಳು. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ, ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಒಣಗಿಸಬೇಕು. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಉಪ್ಪು ಒಳಗೆ ಹೋಗುತ್ತದೆ. ಸ್ಪೂಲಿನ ಬೇರಿಂಗಿಗೆ ಆಗಾಗ ಒಂದೇ ಹನಿ ತೆಳು ಎಣ್ಣೆ ಸಾಕು. ಬೇರಿಂಗ್ ಜಾಸ್ತಿ ಇದ್ದರೆ ತುಕ್ಕು ಹಿಡಿಯುವ ಜಾಗವೂ ಜಾಸ್ತಿ, ಅದನ್ನು ಪೆಟ್ಟಿಗೆ ಮೇಲೆ ಬರೆಯುವುದಿಲ್ಲ ನೋಡಿ.

ಯಾವುದನ್ನೇ ಕೊಳ್ಳಿ, ಮೊದಲ ದಿನ ಅಂಗಳದಲ್ಲಿ ಹೀಗೆ ಹೊಂದಿಸಿ. ಲ್ಯೂರ್ ಕಟ್ಟಿ, ರಾಡ್ ಎತ್ತಿ ಹಿಡಿದು, ಹೆಬ್ಬೆರಳಿನ ಬಟನ್ ಒತ್ತಿ. ಹ್ಯಾಂಡಲ್ ಪಕ್ಕದ ಸಣ್ಣ ತಿರುಪನ್ನು ಲ್ಯೂರ್ ನಿಧಾನವಾಗಿ ಇಳಿಯುವಷ್ಟು ಬಿಗಿ ಮಾಡಿ. ಲ್ಯೂರ್ ನೆಲ ಮುಟ್ಟಿದ ಕೂಡಲೇ ಸ್ಪೂಲ್ ತಾನಾಗಿ ನಿಲ್ಲಬೇಕು. ಬ್ರೇಕ್ ಜೋರಾಗಿಟ್ಟು ಶುರುಮಾಡಿ, ಬೆರಳು ಪಳಗಿದ ಹಾಗೆ ಇಳಿಸುತ್ತಾ ಹೋಗಿ. ಲ್ಯೂರಿನ ಭಾರ ಬದಲಾದರೆ ತಿರುಪನ್ನೂ ಮತ್ತೆ ಹೊಂದಿಸಬೇಕು. ಗೋಜಲಾದರೆ ದಾರ ಕಿತ್ತಾಡಬೇಡಿ. ಸ್ಪೂಲನ್ನು ಹೆಬ್ಬೆರಳಲ್ಲಿ ಗಟ್ಟಿ ಒತ್ತಿ ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸಿ, ಬಟನ್ ಒತ್ತಿ ದಾರ ಎಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ.

ದಾರಕ್ಕೂ ಸ್ವಲ್ಪ ದುಡ್ಡು ಎತ್ತಿಡಿ. ಬೇಟ್‌ಕಾಸ್ಟರಿಗೆ ತೀರಾ ತೆಳು ಬ್ರೇಡ್ ಬೇಡ, 30 ಪೌಂಡ್ ಎಳೆತ ತಾಳುವಂಥದ್ದು ಒಳ್ಳೆಯದು, ಕೊರವಕ್ಕೆ ಇನ್ನೂ ದಪ್ಪ ಇದ್ದರೂ ಸರಿ. ಬ್ರೇಡನ್ನು ನೇರ ಸ್ಪೂಲಿಗೆ ಕಟ್ಟಿದರೆ ಪೂರ್ತಿ ಸುತ್ತೇ ಜಾರಿ ತಿರುಗುತ್ತದೆ. ಕೆಳಗೆ ಒಂದಷ್ಟು ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಕಟ್ಟಿ. ದುಬಾರಿ ಬ್ರೇಡೂ ಕಡಿಮೆ ಸಾಕಾಗುತ್ತದೆ.

ಎರಡು ಸಾವಿರವೇ ಮಿತಿ ಅನ್ನುವವರಿಗೆ ನಾನು ಬೇಟ್‌ಕಾಸ್ಟರ್ ಹೇಳುವುದಿಲ್ಲ. ಅದೇ ದುಡ್ಡಿಗೆ ಹೆಸರಾಂತ ಕಂಪನಿಯ ಸ್ಪಿನ್ನಿಂಗ್ ರೀಲ್ ಬರುತ್ತದೆ, 5 ಗ್ರಾಂ ಲ್ಯೂರನ್ನೂ ಎಸೆಯುತ್ತದೆ, ಗೋಜಲಿನ ಗೋಳೂ ಕಡಿಮೆ. ಭಾವ ಈಗ ಹಿನ್ನೀರಿಗೆ ಅದನ್ನೇ ತರುತ್ತಾರೆ. ಮದಗಕ್ಕೆ ಮಾತ್ರ ನನ್ನ ಬ್ಲ್ಯಾಕ್ ಮ್ಯಾಕ್ಸ್ ಕೇಳಿ ಪಡೆಯುತ್ತಾರೆ. ವಾಪಸ್ ಬರುವುದು ಯಾವಾಗ ಅಂತ ಕೇಳಬಾರದು.

ಕೊನೆಗೆ ಎಡ-ಬಲ. ಸ್ಪಿನ್ನಿಂಗ್ ರೀಲ್‌ನ ಹಾಗೆ ಇದರ ಹ್ಯಾಂಡಲ್ ಬಿಚ್ಚಿ ಇನ್ನೊಂದು ಕಡೆ ಹಾಕಲಾಗುವುದಿಲ್ಲ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತುವ ಅಭ್ಯಾಸವಿದ್ದರೆ ಎಡಗೈ ಮಾಡೆಲ್ಲೇ ಬೇಕು. ಶಿಮಾನೋದಲ್ಲಿ 150 ಅಂದರೆ ಬಲಗೈ ಹ್ಯಾಂಡಲ್, 151 ಅಂದರೆ ಎಡಗೈ. ಆನ್‌ಲೈನ್‌ನಲ್ಲಿ ಫೋಟೋ ಎರಡಕ್ಕೂ ಒಂದೇ ಹಾಕಿರುತ್ತಾರೆ, ದುಡ್ಡು ಕಟ್ಟುವ ಮೊದಲು ನಂಬರ್ ಓದಿ.