ಕಾರ್ಲಾಕ್ ಜೊತೆ ಮೂರೂ ಅಂಕ: ಹೊಡಿ-ಬಡಿ ಯೋಧೆ ಪಾರ್ಟಿಗೆ ಹೊಂದುತ್ತಾಳಾ?

ಗೇಮ್: ಬಾಲ್ಡರ್ಸ್ ಗೇಟ್ 3 (ಪಾರ್ಟಿ ಕಟ್ಟಿಕೊಂಡು ಸರದಿಯಂತೆ ಕಾದಾಡುವ ಕಥೆಯಾಟ, ಮೂರು ಅಂಕಗಳದ್ದು), ಪಿಸಿ. ಕಾರ್ಲಾಕ್ ಅದರಲ್ಲಿ ನಮ್ಮ ಜೊತೆ ಸೇರುವ ಬಾರ್ಬೇರಿಯನ್ ಯೋಧೆ. ಬಳಕೆ: ಆಗಸ್ಟ್ 2023ರಲ್ಲಿ ಬಿಡುಗಡೆಯಾದ ಆವೃತ್ತಿಯಿಂದ ಏಪ್ರಿಲ್ 2025ರ ಪ್ಯಾಚ್ 8ರ ನಂತರದವರೆಗೆ. ಊರು: ತುಮಕೂರು. ಕಥೆಯ ಕೆಲವು ಗುಟ್ಟು ಮುಂದೆ ಬರುತ್ತವೆ, ಮೊದಲ ಸಲ ಆಡುತ್ತಿರುವವರು ನೋಡಿಕೊಂಡು ಓದಿ.

ಹೊಂದುತ್ತಾಳೆ. ಆದರೆ ಅವಳ ಸಿಟ್ಟನ್ನು ತಿಂಗಳ ಕೊನೆಯ ದುಡ್ಡಿನ ಹಾಗೆ ಲೆಕ್ಕ ಹಾಕಿ ಖರ್ಚು ಮಾಡಿದರೆ ಮಾತ್ರ. "ಬಾರ್ಬೇರಿಯನ್ ತಾನೇ, ಹೊಡಿ ಅಂದರೆ ಹೊಡೀತಾಳೆ" ಅಂತ ಆಡಿದವರಿಗೆ ಎರಡನೇ ಅಂಕದ ಹೊತ್ತಿಗೆ ಬೇಜಾರಾಗುತ್ತದೆ. ಅದಕ್ಕೆ ಕಾರಣ ಪಾತ್ರವಲ್ಲ, ಲೆಕ್ಕ ಇಡದೆ ಆಡಿದ್ದು.

ಲೆಕ್ಕ ಏನೆಂದರೆ, ರೇಜ್ (ಸಿಟ್ಟೇರಿಸಿಕೊಂಡು ಕಾದುವ ಅವಳ ವಿದ್ಯೆ) ಶುರುವಿನಲ್ಲಿ ದಿನಕ್ಕೆ 2 ಸಲ ಮಾತ್ರ. ಲೆವೆಲ್ 3ಕ್ಕೆ 3, ಲೆವೆಲ್ 6ಕ್ಕೆ 4, ಕೊನೆಯ ಲೆವೆಲ್ 12ಕ್ಕೆ 5. ಶಾರ್ಟ್ ರೆಸ್ಟ್ (ನಡುವಿನ ಚಿಕ್ಕ ವಿಶ್ರಾಂತಿ) ಮಾಡಿದರೆ ಒಂದೂ ವಾಪಸ್ ಬರುವುದಿಲ್ಲ. ಲಾಂಗ್ ರೆಸ್ಟೇ (ಕ್ಯಾಂಪಿನ ರಾತ್ರಿ ನಿದ್ದೆ) ಬೇಕು, ಅದಕ್ಕೆ ಸಾಧಾರಣ ಕಷ್ಟದ ಮಟ್ಟದಲ್ಲಿ 40 ಊಟದ ಸಾಮಾನು, ಅದಕ್ಕಿಂತ ಕಷ್ಟದ ಟ್ಯಾಕ್ಟೀಶಿಯನ್‌ನಲ್ಲಿ 80. ಹಾದಿಯಲ್ಲಿ ಅಡ್ಡ ಬಂದ ನಾಲ್ಕು ಗಾಬ್ಲಿನ್‌ಗಳ ಮೇಲೆಲ್ಲ ರೇಜ್ ಸುರಿದರೆ ಸಂಜೆಯ ದೊಡ್ಡ ಕಾಳಗಕ್ಕೆ ಕೈ ಖಾಲಿ. ರೇಜ್ ಇರುವಾಗ ಹೊಡೆತಕ್ಕೆ 2 ಹೆಚ್ಚು (ಲೆವೆಲ್ 9ರಿಂದ 3), ಜೊತೆಗೆ ಕತ್ತಿ, ಬಾಣ, ಗದೆಯ ಪೆಟ್ಟು ಅರ್ಧ. ಟೈಫ್ಲಿಂಗ್ (ನರಕದ ರಕ್ತವಿರುವ ಕುಲ) ಆದ್ದರಿಂದ ಬೆಂಕಿಯೂ ಅರ್ಧ. ಮಿಂಚು, ವಿಷ, ನೆಕ್ರೋಟಿಕ್ (ಜೀವ ಹೀರುವ ಮಂತ್ರದ ಪೆಟ್ಟು) ಪೂರ್ತಿ ತಗಲುತ್ತವೆ. ಹಾಗಾಗಿ ಮಂತ್ರಗಾರರೇ ತುಂಬಿರುವ ಕಡೆ ರೇಜ್ ಕಾಪಾಡುತ್ತದೆ ಅಂತ ನಂಬಿ ಮುಂದೆ ನಿಲ್ಲಿಸಬೇಡಿ. ವೈಲ್ಡ್‌ಹಾರ್ಟ್ (ಬಾರ್ಬೇರಿಯನ್ ಆರಿಸಿಕೊಳ್ಳಬಹುದಾದ ಒಂದು ಕವಲು) ದಾರಿಯಲ್ಲಿ ಕರಡಿಯನ್ನು ಆರಿಸಿಕೊಂಡಿದ್ದರೆ ಮಾತು ಬೇರೆ, ಆಗ ಸೈಕಿಕ್ (ಮನಸ್ಸಿಗೆ ಬೀಳುವ ಪೆಟ್ಟು) ಒಂದು ಬಿಟ್ಟು ಎಲ್ಲ ಪೆಟ್ಟೂ ಅರ್ಧ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಶತ್ರು ದೂರ ಇದ್ದಾಗ ರೇಜ್ ಒತ್ತಿ, ಡ್ಯಾಶ್ (ಹೊಡೆಯುವ ಬದಲು ಹೆಚ್ಚು ದೂರ ಓಡುವುದು) ಮಾಡಿ ಓಡುತ್ತಾರೆ. ಆ ಟರ್ನ್‌ನಲ್ಲಿ ಯಾರನ್ನೂ ಹೊಡೆದಿರುವುದಿಲ್ಲ, ಪೆಟ್ಟೂ ತಿಂದಿರುವುದಿಲ್ಲ. ರೇಜ್ ಅಲ್ಲೇ ಆರಿ ಹೋಗುತ್ತದೆ, ದಿನದ ಪಾಲಿನಲ್ಲಿ ಒಂದು ನಷ್ಟ. ತಲುಪಲು ಆಗದಿದ್ದರೆ ಚೀಲದಲ್ಲಿರುವ ಜಾವೆಲಿನ್ (ಎಸೆಯುವ ಈಟಿ) ಒಂದನ್ನು ಎಸೆದುಬಿಡಿ. ಶುರುವಿನಿಂದಲೂ ಮೂರ್ನಾಲ್ಕು ಜಾವೆಲಿನ್ ಅವಳ ಚೀಲದಲ್ಲೇ ಇರಲಿ, ಕ್ಯಾಂಪಿನ ಪೆಟ್ಟಿಗೆಯಲ್ಲಲ್ಲ.

ಈ ಎಸೆತವೇ ಅವಳ ನಿಜವಾದ ಶಕ್ತಿ. ಲೆವೆಲ್ 3ಕ್ಕೆ ಬರ್ಸರ್ಕರ್ ಕವಲು, ಲೆವೆಲ್ 4ಕ್ಕೆ ಟ್ಯಾವರ್ನ್ ಬ್ರಾಲರ್ ಫೀಟ್ (ಹೆಚ್ಚುವರಿ ಸಾಮರ್ಥ್ಯ) ತೆಗೆದುಕೊಂಡು, ಆ ಫೀಟ್ ಕೊಡುವ ಒಂದು ಅಂಕವನ್ನು ಸ್ಟ್ರೆಂತ್‌ಗೆ ಹಾಕಿ. 17 ಇದ್ದದ್ದು 18 ಆಗುತ್ತದೆ, ಅಂದರೆ +4. ಎಸೆಯುವಾಗ ಅದು ಗುರಿಗೂ (ಪೆಟ್ಟು ತಗಲುತ್ತದೋ ಇಲ್ಲವೋ ಅನ್ನುವ ದಾಳಕ್ಕೆ ಕೂಡುವ ಅಂಕಿ) ಪೆಟ್ಟಿಗೂ ಎರಡೆರಡು ಸಲ ಸೇರುತ್ತದೆ. ಗುರಿಗೆ 4 + 4 + ಪ್ರೊಫಿಶಿಯೆನ್ಸಿ (ಆಯುಧದ ಪಳಗಿಕೆ) 2, ಒಟ್ಟು +10. ಲೆವೆಲ್ 4ರಲ್ಲಿ ಮಾಮೂಲಿ ಕೊಡಲಿ ಬೀಸಿದರೆ ಸಿಗುವುದು +6. ಆಯುಧಕ್ಕೆ ರಿಟರ್ನಿಂಗ್ ಪೈಕ್ ಅನ್ನುವ ಭರ್ಜಿ ಸಾಕು. ಗಾಬ್ಲಿನ್ ಶಿಬಿರದ ವ್ಯಾಪಾರಿ ಅದನ್ನು ಮಾರುತ್ತಾನೆ, ಶಿಬಿರದಲ್ಲಿ ಜಗಳ ಶುರುವಾಗುವ ಮೊದಲೇ ಕೊಂಡುಕೊಳ್ಳಿ. ಎಸೆದ ಮೇಲೆ ಭರ್ಜಿ ತಾನಾಗಿ ಕೈಗೆ ವಾಪಸ್ ಬರುತ್ತದೆ. ಒಂದು ಟರ್ನ್ ಹೀಗೆ ಸಾಗುತ್ತದೆ: ಚಾವಣಿಯ ಮೇಲೆ ಬಿಲ್ಲುಗಾರ, ನಡುವೆ ಏಣಿ. ಕಾರ್ಲಾಕ್ ನಿಂತಲ್ಲೇ ಬೋನಸ್ ಆ್ಯಕ್ಷನ್‌ನಲ್ಲಿ ಫ್ರೆಂಜಿ (ಬರ್ಸರ್ಕರ್‌ನ ರೇಜ್) ಏರಿಸಿ, ಆ್ಯಕ್ಷನ್‌ನಲ್ಲಿ ಭರ್ಜಿ ಎಸೆಯುತ್ತಾಳೆ. ಮುಂದಿನ ಟರ್ನ್‌ನಲ್ಲಿ ಬೋನಸ್ ಆ್ಯಕ್ಷನ್‌ನ ಎಸೆತವೂ ಸೇರುತ್ತದೆ, ಅದು ತಗುಲಿದವನು ಅಡ್ಡ ಬೀಳುತ್ತಾನೆ. ಏಣಿ ಹತ್ತುವ ಪ್ರಶ್ನೆಯೇ ಇಲ್ಲ. ಕೈಯಲ್ಲೇ ಹೊಡೆಯುವ ಫ್ರೆಂಜೀಡ್ ಸ್ಟ್ರೈಕ್ ಮಾತ್ರ ಪ್ರತಿ ಸಲ ಬಳಸಿದಾಗಲೂ ಮುಂದಿನ ಗುರಿಯಿಂದ 1 ಕಳೆಯುತ್ತದೆ, ಅದು ಕೂಡುತ್ತಲೇ ಹೋಗುತ್ತದೆ. ಉದ್ದನೆಯ ಕಾಳಗದಲ್ಲಿ ಅದನ್ನು ಮಿತವಾಗಿಡಿ.

ಗೆಳೆಯರು ಬಿದ್ದಾಗಲೂ ಇದೇ ಕೈ ಕೆಲಸಕ್ಕೆ ಬರುತ್ತದೆ. ರೇಜ್‌ನಲ್ಲಿ ಮಂತ್ರ ಹಾಕಲು ಆಗುವುದಿಲ್ಲ, ಮದ್ದಿನ ಶೀಶೆ ಎಸೆಯಬಹುದು. ಬಿದ್ದವರ ಪಕ್ಕದ ನೆಲಕ್ಕೆ ಎಸೆದರೆ ಒಡೆದು ಚೆಲ್ಲಿದ ಜಾಗದಲ್ಲಿರುವ ಎಲ್ಲರಿಗೂ ಗುಣ. ಪಕ್ಕದಲ್ಲಿ ಶತ್ರು ನಿಂತಿದ್ದರೆ ಅವನಿಗೂ ಗುಣವಾಗುತ್ತದೆ, ಜಾಗ ನೋಡಿ ಎಸೆಯಿರಿ.

ಅವಳು ಬರುವಾಗಲೇ ಇರುವ ಅಂಕಗಳಲ್ಲಿ ಸ್ವಲ್ಪ ಪೋಲಿದೆ. ಡೆಕ್ಸ್ಟೆರಿಟಿ 13, ಕಾನ್ಸ್ಟಿಟ್ಯೂಶನ್ 15. ಬೆಸ ಸಂಖ್ಯೆಯಿಂದ ಏನೂ ಸಿಗುವುದಿಲ್ಲ, 13 ಇದ್ದರೂ 12ರ ಫಲವೇ. ವಿದರ್ಸ್‌ಗೆ (ಅಂಕಗಳನ್ನು ಬದಲಿಸಿ ಕೊಡುವ ಕ್ಯಾಂಪಿನ ಪಾತ್ರ) 100 ಚಿನ್ನ ಕೊಟ್ಟು ಸ್ಟ್ರೆಂತ್ 17, ಡೆಕ್ಸ್ಟೆರಿಟಿ 14, ಕಾನ್ಸ್ಟಿಟ್ಯೂಶನ್ 16 ಮಾಡಿಸಿ. ಬರಿಮೈಯಲ್ಲಿ ರಕ್ಷಣೆ 13ರಿಂದ 15ಕ್ಕೆ ಏರುತ್ತದೆ, ಸ್ಕೇಲ್ ಮೇಲ್ ಹಾಕಿದರೆ 16. ಹೆವಿ ಆರ್ಮರ್ ಎಷ್ಟೇ ಚೆನ್ನಾಗಿದ್ದರೂ ಬೇಡ, ಅದು ರೇಜ್ ಅನ್ನು ಕಟ್ಟಿಹಾಕುತ್ತದೆ. ಈ ಬದಲಾವಣೆಯಲ್ಲಿ ವಿಸ್ಡಮ್ ಇನ್ನೂ ತಗ್ಗುತ್ತದೆ, ಮೈ ಮರಗಟ್ಟಿಸುವ ಹೋಲ್ಡ್ ಪರ್ಸನ್ ಮಂತ್ರ ಬಿದ್ದರೆ ಅವಳು ಕಂಬದ ಹಾಗೆ ನಿಲ್ಲುತ್ತಾಳೆ. ಬರ್ಸರ್ಕರ್ ಲೆವೆಲ್ 6ರಲ್ಲಿ ಸಿಗುವ ರಕ್ಷಣೆ ಭಯ ಮತ್ತು ಮೋಹಕ್ಕೆ ಮಾತ್ರ, ಹೋಲ್ಡ್‌ಗೆ ಅಲ್ಲ. ಎದುರು ಪಾಳೆಯದ ಮಂತ್ರವಾದಿಯನ್ನು ಮೊದಲು ಮುಗಿಸುವುದೇ ಇದಕ್ಕೆ ಮದ್ದು.

ಇನ್ನೊಬ್ಬ ಜೊತೆಗಾತಿ, ಫೈಟರ್ ಲೇಜೆಲ್ ಇರುವಾಗ ಇವಳು ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದೇ ಟರ್ನ್‌ನಲ್ಲಿ ಇನ್ನೊಂದು ಆ್ಯಕ್ಷನ್) ಶಾರ್ಟ್ ರೆಸ್ಟ್‌ಗೇ ಮರಳುತ್ತದೆ, ಲೆವೆಲ್ 11ಕ್ಕೆ ಒಂದೇ ಆ್ಯಕ್ಷನ್‌ನಲ್ಲಿ ಮೂರು ಹೊಡೆತ. ಬರೀ ಅಂಕಿ ನೋಡುವವರು ಲೇಜೆಲ್‌ಳನ್ನೇ ಇಟ್ಟುಕೊಳ್ಳಲಿ.

ಆದರೆ ಒರಟು ಯೋಧರ ಪಾತ್ರ ಬರೀ ಅಂಕಿಯಿಂದ ನಿಲ್ಲುವುದಿಲ್ಲ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿನ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ ಪೌರಾಣಿಕ ನಾಟಕ ನಡೆಯುತ್ತದೆ. ಗದೆ ಹೊತ್ತು ಅಬ್ಬರಿಸುವ ಭೀಮ ಎಲ್ಲ ಊರಲ್ಲೂ ಸಿಗುತ್ತಾನೆ. ದ್ರೌಪದಿಯ ಬಿಚ್ಚಿದ ಮುಡಿ ನೆನೆದು ಅವನು ದನಿ ತಗ್ಗಿಸುವ ಹೊತ್ತಿಗೆ ಜನ ಸುಮ್ಮನಾದರೆ ಪಾತ್ರ ಗೆದ್ದ ಹಾಗೆ, ಅಬ್ಬರ ಒಂದೇ ಆದರೆ ಟೀ ಕುಡಿಯಲು ಎದ್ದು ಹೋಗುತ್ತಾರೆ. 1998ರ ಮೊದಲ ಬಾಲ್ಡರ್ಸ್ ಗೇಟ್‌ನ ಮಿನ್ಸ್‌ಕ್ ಅಬ್ಬರದ ಬಗೆಯವನು. ಅಂಗೈಯಲ್ಲೊಂದು ಹ್ಯಾಮ್‌ಸ್ಟರ್, ಸಿಟ್ಟು ಬಂದರೆ ತನ್ನವರನ್ನೇ ಹೊಡೆಯುವ ಅಪಾಯ. ಪ್ರೀತಿ ಹುಟ್ಟುತ್ತದೆ, ನೋವು ಹುಟ್ಟುವುದಿಲ್ಲ. ಕಾರ್ಲಾಕ್ ದನಿ ತಗ್ಗಿಸುವ ಭೀಮನ ಕಡೆಯವಳು. ಎದೆಯಲ್ಲಿ ಹೃದಯದ ಜಾಗಕ್ಕೆ ನರಕದ ಎಂಜಿನ್, ಆ ಕಾವಿಗೆ ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ಸಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದು ಅವಳ ಮೈಯಲ್ಲೇ ಕಾಣುತ್ತದೆ.

ಅದನ್ನು ಸರಿಪಡಿಸುವ ದಾರಿಯಲ್ಲಿ ತಪ್ಪಲು ಜಾಗ ಬಹಳ. ಇನ್ಫರ್ನಲ್ ಐರನ್ ಹುಡುಕಿ ಕಮ್ಮಾರ ಡ್ಯಾಮನ್‌ಗೆ ಕೊಡಬೇಕು: ಮೊದಲ ಸಲ ಎಮರಾಲ್ಡ್ ಗ್ರೋವ್‌ನಲ್ಲಿ, ಎರಡನೆಯದು ಎರಡನೇ ಅಂಕದ ಲಾಸ್ಟ್ ಲೈಟ್ ಇನ್‌ನಲ್ಲಿ. ಲಾಸ್ಟ್ ಲೈಟ್ ತಲುಪಿದ ಕೂಡಲೇ ಮಹಡಿಗೆ ಹೋಗಿ, ಆ ಇನ್ ಅನ್ನು ಕಾಯುವ ಇಸೊಬೆಲ್ ಹತ್ತಿರ ಮಾತಾಡಬೇಡಿ, ಮಾತು ಮುಗಿಯುತ್ತಲೇ ದಾಳಿ ಶುರುವಾಗುತ್ತದೆ. ಇಸೊಬೆಲ್‌ಳನ್ನು ಹೊತ್ತೊಯ್ದರೆ ಇನ್ ಬೀಳುತ್ತದೆ, ಡ್ಯಾಮನ್ ಸಾಯುತ್ತಾನೆ, ಎಂಜಿನ್ ಅರ್ಧಕ್ಕೇ ನಿಲ್ಲುತ್ತದೆ. ಮೊದಲು ಡ್ಯಾಮನ್, ಆಮೇಲೆ ಮಹಡಿ. ಗ್ರೋವ್ ಮೇಲೆ ದಾಳಿ ಮಾಡಿಸುವ ದಾರಿ ಹಿಡಿದರಂತೂ ಕಾರ್ಲಾಕ್ ಜೊತೆಯಲ್ಲೇ ಉಳಿಯುವುದಿಲ್ಲ.

ಇಲ್ಲಿನ ಆಟಗಾರರಿಗೆ ಎರಡು ಮಾತು. ಎಸ್‌ಎಸ್‌ಡಿಯಲ್ಲಿ 150 ಜಿಬಿ ಜಾಗ ಬೇಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವ ಯೋಚನೆ ಬಿಡಿ. ಕರೆಂಟ್ ಹೇಳದೆ ಹೋಗುವ ಬೇಸಿಗೆಯಲ್ಲಿ ಪ್ರತಿ ಕಾಳಗಕ್ಕೂ ಮುಂಚೆ ಎಫ್5 ಒತ್ತಿ ಸೇವ್ ಮಾಡಿ. ಕನ್ನಡ ಪಠ್ಯ ಇಲ್ಲ, ಇಂಗ್ಲಿಷ್ ಮಾತು ಉದ್ದುದ್ದ ಇದೆ, ಸಬ್‌ಟೈಟಲ್ ದೊಡ್ಡದು ಮಾಡಿಕೊಳ್ಳಿ.

ಮೂರನೇ ಅಂಕದ ಬಗ್ಗೆ ತಕರಾರು ಉಳಿದೇ ಇದೆ. ಎಂಜಿನ್‌ಗೆ ಪೂರ್ತಿ ಪರಿಹಾರ ಅಲ್ಲಿ ಸಿಗುವುದಿಲ್ಲ: ಸಾವು, ಮೈಂಡ್ ಫ್ಲೇಯರ್ (ಮಿದುಳು ತಿನ್ನುವ ಜೀವಿ) ಆಗುವುದು, ಇಲ್ಲವೇ ನರಕದ ಅವೆರ್ನಸ್‌ಗೆ ಮರಳುವುದು. ಇಷ್ಟು ಕಟ್ಟಿ ಬೆಳೆಸಿದ ಪಾತ್ರಕ್ಕೆ ಆ ಅಂಕದಲ್ಲಿ ಹುಡುಕಾಟದ ಕೆಲಸವೇ ಕಡಿಮೆ. ಆದರೂ ಅವಳನ್ನು ನರಕಕ್ಕೆ ಮಾರಿದ ಗೋರ್ಟಾಶ್‌ನನ್ನು ಎದುರಿಸಲು ಹೋಗುವಾಗ ಕ್ಯಾಂಪಿನಲ್ಲಿ ಬಿಟ್ಟು ಹೋಗಬೇಡಿ. ಅವನು ಬಿದ್ದ ಮೇಲೆ ಗೆಲುವಿನ ಕೇಕೆ ಬರುವುದಿಲ್ಲ. ಸೇಡು ತೀರಿತು, ಎಂಜಿನ್ ಉರಿಯುತ್ತಲೇ ಇದೆ, ಸಾಯಲು ಇಷ್ಟವಿಲ್ಲ ಅಂತ ಅವಳು ಒಡೆದು ಅಳುತ್ತಾಳೆ. ಆ ಹೊತ್ತಿನಲ್ಲಿ ಮಾತಿನ ಆಯ್ಕೆಗಳನ್ನು ಅವಸರದಲ್ಲಿ ಒತ್ತಬೇಡಿ, ಪೂರ್ತಿ ಕೇಳಿ.