ದಿಶಾಂಕ್ ಆ್ಯಪ್: ಸೈಟು ನೋಡೋಕೆ ಹೊರಡುವ ಮುಂಚೆ ಫೋನಿಗೆ ಹಾಕಿಕೊಳ್ಳಿ

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ಸರ್ಜಾಪುರ ರಸ್ತೆ ಕಡೆ ನಾವಿದ್ದ ಬಾಡಿಗೆ ಮನೆಗೆ ನೀರು ನುಗ್ಗಿತು. ಮೊದಲು ಬಂದದ್ದು ಬಾಗಿಲಿಂದ ಅಲ್ಲ, ಬಾತ್‌ರೂಮಿನ ಜಾಲರಿಯಿಂದ. ಬೆಳಗಾಗುವಷ್ಟರಲ್ಲಿ ಮೊಣಕಾಲಿನ ತನಕ ನಿಂತಿತ್ತು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಓವರ್‌ಲಾಕ್ ಮಷೀನಿನ ಮೋಟಾರು ಟೇಬಲ್ ಕೆಳಗೆ ಇರುತ್ತದೆ, ಅದು ಪೂರ್ತಿ ಮುಳುಗಿತು. ದಸರಾಕ್ಕೆ ಅಂತ ಗಿರಾಕಿಗಳು ಕೊಟ್ಟಿದ್ದ ಬ್ಲೌಸ್ ಪೀಸ್‌ಗಳು ಚೀಲದಲ್ಲಿ ನೆಲದ ಮೇಲಿದ್ದವು. ಒಂದು ಕೆಂಪು ರೇಷ್ಮೆ ಬಣ್ಣ ಬಿಟ್ಟು ಪಕ್ಕದ ಕೆನೆ ಬಣ್ಣದ ಪೀಸಿಗೆಲ್ಲ ಹತ್ತಿತ್ತು. ಅದು ಒಬ್ಬರ ಮಗಳ ಮದುವೆ ಸೀರೆಯದು. ಅವರ ಮನೆಗೆ ಹೋಗಿ ಅದನ್ನು ಕೈಗೆ ಕೊಟ್ಟದ್ದು ಇವತ್ತಿಗೂ ಮರೆತಿಲ್ಲ.

ಆವತ್ತು ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆಯಾಯಿತು. ಮಳೆ ಎಲ್ಲರಿಗೂ ಬಂತು, ಆದರೆ ನಮ್ಮಿಂದ ಎರಡು ರಸ್ತೆ ಮೇಲಿನವರ ಅಂಗಳದಲ್ಲಿ ನೀರೇ ನಿಲ್ಲಲಿಲ್ಲ. ಸ್ವಂತಕ್ಕೆ ಏನಾದರೂ ತೆಗೆದುಕೊಂಡರೆ ಮೊದಲು ನೀರಿನ ದಾರಿ ನೋಡಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಹೋದ ವರ್ಷ ಸೈಟು ಹುಡುಕೋಕೆ ಶುರು ಮಾಡಿದಾಗ ತಮ್ಮ ನನ್ನ ಫೋನಿಗೆ ದಿಶಾಂಕ್ ಹಾಕಿಕೊಟ್ಟ.

ಇದು ನಮ್ಮ ರಾಜ್ಯ ಸರ್ಕಾರದ ಆ್ಯಪ್. ದುಡ್ಡು ಕೊಡಬೇಕಾಗಿಲ್ಲ. ಹಳೆಯ ಸರ್ವೆ ನಕ್ಷೆಗಳನ್ನು ಈಗಿನ ಮ್ಯಾಪಿನ ಮೇಲೆ ಕೂರಿಸಿದ್ದಾರೆ. ಜಾಗದಲ್ಲಿ ನಿಂತು ಪರದೆ ಮುಟ್ಟಿದರೆ ಊರು, ಹೋಬಳಿ, ಸರ್ವೆ ನಂಬರ್ ಬರುತ್ತದೆ. ಕೆರೆ, ರಾಜಕಾಲುವೆ, ಸರ್ಕಾರಿ ಜಾಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಜನ ಸಾಮಾನ್ಯವಾಗಿ ಒತ್ತುವರಿ ಜಾಗವೋ ಅಲ್ಲವೋ ಅಂತ ತಿಳಿಯೋಕೆ ಇದನ್ನು ಬಳಸುತ್ತಾರೆ. ನಾನು ಬಳಸಿದ್ದು ನೀರಿಗೋಸ್ಕರ.

ಮೊದಲನೇ ಸೈಟು ಟ್ವೆಂಟಿ ಥರ್ಟಿ. ತೋರಿಸಿದ ಬ್ರೋಕರ್, "ಮೇಡಂ, ಇಲ್ಲಿ ಒಂದು ಹನಿ ನೀರು ನಿಲ್ಲಲ್ಲ" ಅಂದರು. ನೆಲ ಸಮತಟ್ಟಾಗಿತ್ತು, ರಸ್ತೆ ಹೊಸದು, ನೋಡೋಕೆ ಚೆನ್ನಾಗೇ ಇತ್ತು. ಅಲ್ಲೇ ನಿಂತು ದಿಶಾಂಕ್ ತೆರೆದೆ. ಪಕ್ಕದ ಸರ್ವೆ ನಂಬರಿನಲ್ಲಿ ಮೇಲಿಂದ ಒಂದು ಹಳ್ಳದ ಗೆರೆ ಬಂದು ನಮ್ಮ ಸೈಟಿನ ಮೂಲೆ ಮುಟ್ಟಿ ಕೆಳಗಿನ ಕೆರೆ ಕಡೆ ಹೋಗಿತ್ತು. ತಲೆ ಎತ್ತಿ ನೋಡಿದರೆ ಆ ಜಾಗದಲ್ಲಿ ಹಳ್ಳವೇ ಇಲ್ಲ. ಒಂದು ಕಾಂಪೌಂಡು, ಅದರ ಬುಡದಲ್ಲಿ ಒಂದಡಿ ಅಗಲದ ಚರಂಡಿ. ಮೇಲಿನ ಅಷ್ಟೂ ಲೇಔಟಿನ ನೀರು ಆ ಒಂದಡಿಯಲ್ಲಿ ಹೋಗಬೇಕು. ಬ್ರೋಕರ್‌ಗೆ ಪರದೆ ತೋರಿಸಿದೆ. "ಅದು ಹಳೇ ಮ್ಯಾಪು ಮೇಡಂ, ಈಗ ಅದೆಲ್ಲ ಇಲ್ಲ" ಅಂದರು. ಕಾಲುವೆ ಇಲ್ಲದೆ ಇರಬಹುದು, ನೀರು ಇಳಿಯುವ ಇಳಿಜಾರು ಎಲ್ಲಿಗೆ ಹೋಗುತ್ತದೆ ಹೇಳಿ?

ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿ ದೊಡ್ಡ ನದಿ ಇಲ್ಲ. ಮಳೆ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಅಂತ ಮೂರು ದೊಡ್ಡ ಕಣಿವೆಗಳಲ್ಲಿ ಕೆಳಗಿಳಿಯುತ್ತದೆ. ಒಂದು ಕೆರೆ ತುಂಬಿ, ಕೋಡಿ ಬಿದ್ದು, ಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗಬೇಕು. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಾವು ಬಾಡಿಗೆಗೆ ಇದ್ದದ್ದು ಈ ಸಾಲಿನಲ್ಲೇ ಅನ್ನೋದು ಆ್ಯಪ್ ನೋಡಿದ ಮೇಲೆ ತಿಳಿಯಿತು. ನಾಲ್ಕು ವರ್ಷ ಆ ಮನೆಯಲ್ಲಿ ಇದ್ದರೂ ಗೊತ್ತಿರಲಿಲ್ಲ.

ಆ್ಯಪಿನಿಂದ ನನಗೆ ಆದ ದೊಡ್ಡ ಉಪಕಾರ ಸರ್ವೆ ನಂಬರ್ ಸಿಕ್ಕಿದ್ದು. ಅದೊಂದು ಇದ್ದರೆ ಹಳೇ ಪಹಣಿ ತೆಗೆಸಬಹುದು. ಎರಡನೇ ಸೈಟಿಗೆ ಹಾಗೇ ಮಾಡಿದೆ. ಈಗ ಅದು ಲೇಔಟು, ಆದರೆ ಹಿಂದಿನ ಪಹಣಿಯಲ್ಲಿ ಜಮೀನು "ತರಿ" ಅಂತ ಇತ್ತು. ನಮ್ಮಪ್ಪ ಹಾಸನದ ಕಡೆ ರೈತರು. ಫೋನ್ ಮಾಡಿದೆ. "ತರಿ ಅಂದ್ರೆ ಗದ್ದೆ ಕಣಮ್ಮ, ಕೆರೆ ಅಚ್ಚುಕಟ್ಟು. ಭತ್ತ ಬೆಳೀತಿದ್ದ ನೆಲದಾಗೆ ಮನೆ ಕಟ್ತೀಯಾ? ಖುಷ್ಕಿ, ಅಂದ್ರೆ ಒಣ ಜಮೀನು ಇದ್ರೆ ನೋಡು" ಅಂದರು. ಅಷ್ಟು ಮಾತು ಸಾಕಾಯಿತು. ಆ ಸೈಟನ್ನೂ ಬಿಟ್ಟೆವು. ಬೆಲೆ ನಮ್ಮ ಕೈಗೆಟುಕುವಂತಿತ್ತು, ನಮ್ಮ ಯಜಮಾನರಿಗೆ ಬೇಜಾರೂ ಆಯಿತು.

ಇದನ್ನೊಂದನ್ನೇ ನಂಬಿ ಕೂರಬೇಡಿ. ಫೋನ್ ತೋರಿಸುವ ಜಾಗ ಕೆಲವು ಮೀಟರ್ ಆಚೆ ಈಚೆ ಆಗಬಹುದು. ಸಣ್ಣ ಸೈಟಿಗೆ ಅದು ಜಾಸ್ತಿನೇ, ಅಲ್ವಾ? ನಾಲ್ಕೂ ಮೂಲೆಯಲ್ಲಿ ನಿಂತು ನೋಡಿ. ಗೆರೆ ತೀರಾ ಹತ್ತಿರ ಕಂಡರೆ ಭೂಮಾಪಕರನ್ನು ಕರೆಸಿ ಅಳತೆ ಮಾಡಿಸದೆ ಮುಂದಕ್ಕೆ ಹೋಗಬೇಡಿ. ಕಾಲುವೆಯಿಂದ ಎಷ್ಟು ದೂರ ಬಿಡಬೇಕು ಅನ್ನೋದಕ್ಕೂ ಲೆಕ್ಕ ಇದೆ. 2015ರ ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ದರ್ಜೆ ಪ್ರಕಾರ 50, 25, 15 ಮೀಟರ್ ಅಂತ ಇಟ್ಟಿದ್ದರು. ಈಗ ಯಾವುದು ಅನ್ವಯ ಅಂತ ವಕೀಲರನ್ನು ಕೇಳಿ.

ನೆಲ ಎಷ್ಟು ಎತ್ತರದಲ್ಲಿದೆ ಅಂತ ನೋಡೋಕೆ ನಾನು ಗೂಗಲ್ ಅರ್ಥ್ ಬಳಸಿದೆ. ಕಂಪ್ಯೂಟರಿನಲ್ಲಿ ತೆರೆದರೆ ಹಿಂದಿನ ವರ್ಷಗಳ ಚಿತ್ರಗಳೂ ಸಿಗುತ್ತವೆ. ಇನ್ನು ಈಗಿನ ಮೋರಿ ಎಷ್ಟು ಸಣ್ಣದು, ಎದುರಿನ ರಸ್ತೆಗೆ ಎಷ್ಟು ಸಲ ಡಾಂಬರು ಹಾಕಿ ಎತ್ತರಿಸಿದ್ದಾರೆ, ಇದೆಲ್ಲ ಯಾವ ಮ್ಯಾಪಿನಲ್ಲೂ ಕಾಣುವುದಿಲ್ಲ. ಅದಕ್ಕೆ ಅಲ್ಲಿಯ ಜನರನ್ನೇ ಕೇಳಬೇಕು. ಮನೆ ಮಾಲೀಕರು ಬೆಲೆ ಬೀಳುತ್ತದೆ ಅಂತ ಹೇಳಲ್ಲ. ಇಸ್ತ್ರಿ ಅಂಗಡಿಯವರು, ಎಳನೀರಿನವರು ಹೇಳುತ್ತಾರೆ. ಒಂದು ಕಡೆ ಇಸ್ತ್ರಿಯವರು ಮಾತಾಡದೆ ಗಾಡಿ ಸ್ವಲ್ಪ ಸರಿಸಿ ಗೋಡೆ ತೋರಿಸಿದರು. ಸುಣ್ಣದ ಮೇಲೆ ಕಂದು ಗೆರೆ, ನನ್ನ ಸೊಂಟದ ಮಟ್ಟಕ್ಕೆ. ಅದರ ಮೇಲೆ ಇನ್ನೂ ಒಂದು, ಸ್ವಲ್ಪ ಮಾಸಿದ್ದು. ಎರಡು ಸಲ ಬಂದಿದೆ ಅಂತ ಲೆಕ್ಕ.

ಕೊನೆಗೆ ಸಿಕ್ಕಿದ್ದು ಅಂಜನಾಪುರದ ಕಡೆ, ಏರಿನಲ್ಲಿ. ಸರ್ವೆ ನಂಬರಿನಲ್ಲಿ ಕಾಲುವೆ ಇಲ್ಲ, ಹಳೇ ಪಹಣಿಯಲ್ಲಿ ಖುಷ್ಕಿ. ಕೆಲಸದ ಜಾಗಕ್ಕೆ ನಮ್ಮ ಯಜಮಾನರಿಗೆ ಒಂದು ಗಂಟೆ ದೂರ ಜಾಸ್ತಿ ಆಗುತ್ತದೆ. ಅದು ಸಣ್ಣ ಕಷ್ಟವೇನಲ್ಲ, ಆದರೂ ಇಬ್ಬರೂ ಒಪ್ಪಿದೆವು. ಅಡ್ವಾನ್ಸ್ ಕೊಡುವ ಮುಂಚೆ ಒಂದು ಜೋರು ಮಳೆ ಬರಲಿ ಅಂತ ಮೂರು ವಾರ ಕಾದೆವು. ಬಂದ ದಿನ ರಾತ್ರಿ ಒಂಬತ್ತೂವರೆಗೆ ಸ್ಕೂಟರ್ ಹತ್ತಿ ಹೋದೆವು. ರೇನ್‌ಕೋಟ್ ಹಾಕಿಕೊಂಡು ಸೈಟಿನ ಮಧ್ಯೆ ಅರ್ಧ ಗಂಟೆ ನಿಂತೆ. ನೀರು ರಸ್ತೆ ಬದಿಯಲ್ಲಿ ಸರಸರ ಇಳಿದು ಹೋಗುತ್ತಿತ್ತು. ನನ್ನ ಚಪ್ಪಲಿಯ ಮೇಲೆ ಬರಲಿಲ್ಲ.

ದಿಶಾಂಕ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಓವರ್‌ಲಾಕ್ ಮಷೀನಿಗೆ ಹೊಸ ಮನೆಯಲ್ಲಿ ಒಂದಡಿ ಎತ್ತರದ ಕಟ್ಟೆ ಹಾಕಿಸುತ್ತಿದ್ದೇನೆ.